ಹೆಬ್ಬೆರಳಿನ ಗ್ರೀಸು

ಸಾಗರನ ಹೆಬ್ಬೆರಳಿಗೆ ಗ್ರೀಸು ಹತ್ತಿತ್ತು. ಗಾಡಿಯ ಬಾನೆಟ್ಟನ್ನು ಇನ್ನೂ ಯಾರೂ ತೆರೆದಿರಲಿಲ್ಲ.

ಶೀತಲ್ ಅದನ್ನು ನೋಡಿದಳು, ನೋಡದವಳಂತೆ ನಿಂತಳು. ಗೋಕಾಕದ ಮೇ ತಿಂಗಳ ಬಿಸಿಲಿನಲ್ಲೂ ಕೊರಳ ತುಂಬ ದುಪಟ್ಟಾ ಸುತ್ತಿಕೊಂಡಿದ್ದಳು. ಬಿ.ಕಾಂ. ಓದಿದ ಆಕೆಗೆ ಆ ಬಿಳಿ ಕಾರಿನಿಂದ ಬೇಕಾಗಿದ್ದು ಒಂದೇ: ನಿಡಸೋಸಿಯ ಕಾಲೇಜಿನ ಎದುರು ಒಂದು ಝೆರಾಕ್ಸ್ ಅಂಗಡಿ. ಎರಡು ಲಕ್ಷ ಬಂದರೆ ಮಳಿಗೆಯ ಅಡ್ವಾನ್ಸು, ಯಂತ್ರ ಎರಡೂ ಆಗುತ್ತಿದ್ದವು. ಬರದಿದ್ದರೆ ಕಲ್ಲೋಳಿಯಲ್ಲಿ ಅತ್ತಿಗೆಯ ಅಡುಗೆಮನೆ ಇದ್ದೇ ಇತ್ತು.

ಬೆಲೆ ಕಟ್ಟುವವನು ಗ್ಯಾರೇಜಿನ ಮಿಸ್ತ್ರಿ ಲಕ್ಕಪ್ಪ. ಯಾರ ಕಡೆಗೂ ವಾಲದ ಮನುಷ್ಯ ಎಂದು ಸಾಗರನೇ ಹುಡುಕಿದ್ದ. ನಡುವೆ ನಿಂತ ಹಿರಿಯ ಮಾಲಿಂಗಪ್ಪ ಮೊದಲೇ ಗೆರೆ ಎಳೆದರು: “ಲಕ್ಕಪ್ಪ ಹೇಳಿದ್ದೇ ಕಡೀ ರೇಟು. ಆಮ್ಯಾಲೆ ಯಾರೂ ತಕರಾರು ತಗಿಯೂ ಹಂಗಿಲ್ಲ. ಒಪ್ಪಿಗೇನ್ರಿ?”

“ಒಪ್ಪಿಗಿರಿ,” ಎಂದ ಸಾಗರ, ಎಲ್ಲರಿಗಿಂತ ಮೊದಲು.

ಹೇಳಿ ಮುಗಿಸುವಷ್ಟರಲ್ಲಿ ಅವನ ಬಾಯಿಂದಲೇ ಗಾಡಿಯ ರೋಗಗಳ ಪಟ್ಟಿ ಶುರುವಾಯಿತು. “ಕ್ಲಚ್ ಹೋಗೈತಿ. ಎಂಜಿನ್ ಆಯಿಲ್ ಕುಡೀತೈತಿ. ಮೂರನೇ ಗೇರಿಗೆ ಹಾಕಿದ್ರ ಅಳತೈತಿ.”

ಮುಚ್ಚಿದ ಬಾನೆಟ್ಟಿನ ಒಳಗೆಲ್ಲ ಕಾಣುವ ಕಣ್ಣು! ಇಂಥವರು ಆಸ್ಪತ್ರೆಯಲ್ಲಿದ್ದರೆ ಬಡವರಿಗೆ ಸ್ಕ್ಯಾನಿಂಗ್ ಖರ್ಚಾದರೂ ಉಳಿಯುತ್ತಿತ್ತು.

ಕಣಗಲಾದಿಂದ ಸಾಗರನ ಜೊತೆ ಬಂದಿದ್ದ ಅವನ ತಾಯಿ ಕೆಂಪವ್ವ ಹಿಂದಿನ ಬಾಗಿಲು ಬಡಿದಳು. “ಹಿಂದ ಕುಂತ್ರ ಸೊಂಟ ಹಿಡೀತೈತ್ರಿ. ಗಾಜಿನ ಮ್ಯಾಲಿನ ಸ್ಟಿಕರಿನ ಅಂಟು ನೋಡ್ರಿ, ಎಷ್ಟು ಕೆರದ್ರೂ ಹೋಗವಲ್ದು.”

ಶೀತಲ್‌ಳ ಅಪ್ಪ ಗುಡ್ಡಪ್ಪನಿಗೆ ತಡೆಯಲಾಗಲಿಲ್ಲ. “ಮೂರು ವರ್ಷದ ಹಿಂದ ಶೋರೂಮಿನ್ಯಾಗ ನಾನ ನಿಂತು ತಗೊಂಡದ್ರಿ. ಮೈಮ್ಯಾಲೆ ಒಂದು ಗೆರಿ ಇರಲಿಲ್ಲ.”

“ಕೊಡೂ ಮುಂದ ಎಲ್ಲಾರೂ ಬಂಗಾರ ಅಂತಾರ್ರಿ,” ಎಂದಳು ಕೆಂಪವ್ವ, ಗಾಡಿಯನ್ನು ಬಿಟ್ಟು ಬೇರೆ ಕಡೆ ನೋಡುತ್ತ. “ಮನಿಗೆ ಬಂದ ಮ್ಯಾಲೆ ಖರೆ ಬಣ್ಣ ಗೊತ್ತಾಕ್ಕೈತಿ.”

ಸಾಗರನ ಬೆರಳಲ್ಲಿ ತಿರುಗುತ್ತಿದ್ದ ಕೀಲಿಯನ್ನು ಲಕ್ಕಪ್ಪ ಇಸಿದುಕೊಂಡ. ಬೆಳಿಗ್ಗೆ ಗ್ಯಾರೇಜಿಗೆ ತಾನಾಗಿಯೇ ಓಡಿ ಬಂದಿದ್ದ ಗಾಡಿ ಈಗ ಎರಡು ಸಲ ಕೆಮ್ಮಿ ಸತ್ತಿತು. ಲಕ್ಕಪ್ಪ ಬಾನೆಟ್ ಎತ್ತಿ, ಕಳಚಿ ಜೋತುಬಿದ್ದ ವಯರೊಂದನ್ನು ಕಂಡು, ಅದರ ಮೇಲೆ ತನ್ನ ಟವೆಲ್ ಹೊದಿಸಿದ. ಪಾಪ, ಬಿಸಿಲು ತಾಗಬಾರದಲ್ಲ.

ಗುಡ್ಡಪ್ಪ ಬಾಯಿ ತೆರೆದ. ಶೀತಲ್ ಅವನ ಮುಂಗೈ ಒತ್ತಿ ಹಿಡಿದಳು.

“ಗುಜರಿ ಮಾಲ್ರಿ ಇದು. ಐವತ್ತು ಸಾವಿರ,” ಲಕ್ಕಪ್ಪ ಘೋಷಿಸಿದ. “ಅದೂ ಮನುಷ್ಯತ್ವಕ್ಕ.”

“ಮುಗೀತು,” ಎಂದರು ಮಾಲಿಂಗಪ್ಪ. “ಶೀತಲ್, ಈಗ ನೀ ಹೇಳವ್ವಾ. ಐವತ್ತು ಸಾವಿರ ತಗೋತಿಯೋ, ಗಾಡೀನ ತಗೋತಿಯೋ?”

ಕೆಂಪವ್ವ ನಕ್ಕಳು. “ಈ ಗುಜರಿ ಯಾರಿಗೆ ಬೇಕ್ರಿ!”

ಸಾಗರ ನಗಲಿಲ್ಲ.

ಶೀತಲ್ ಟವೆಲ್ ಸರಿಸಿ ವಯರನ್ನು ಅದರ ಜಾಗಕ್ಕೆ ಒತ್ತಿದಳು. ಬಾನೆಟ್ ಇಳಿಸಿ, ಒಳಗೆ ಕೂತು ಕೀಲಿ ತಿರುಗಿಸಿದಳು. ಒಂದೇ ಸಲಕ್ಕೆ ಎಂಜಿನ್ ಶುರುವಾಯಿತು. ಇಳಿದು ಬಂದು ದುಪಟ್ಟಾ ಬಿಚ್ಚಿ, ಕೊರಳಿನಿಂದ ಕರಿಮಣಿ ಸರ ತೆಗೆದು, ಸಣ್ಣಗೆ ನಡುಗುತ್ತಿದ್ದ ಬಾನೆಟ್ಟಿನ ಮೇಲೆ ಸಾಗರನ ಮುಂದೆ ಇಟ್ಟಳು.

“ಮದಿವ್ಯಾಗ ನೀವು ಕೊಟ್ಟಿದ್ದು ನಿಮಗ. ನಮ್ಮಪ್ಪ ಕೊಟ್ಟಿದ್ದು ನನಗ.”