ಗುಲಾಮಗಿರಿಯ ಗುರುತು

“ಬಿಳಿಯರು ಕಟ್ಟಿದ ಆ ಹಾಳು ದವಾಖಾನಿ ನಮ್ಮ ಗುಲಾಮಗಿರಿ ಗುರುತು. ಕೆಡವಬೇಕು ಅಂದ್ರ ಕೆಡವಬೇಕು!” ತಮ್ಮ ಪಡಸಾಲೆಯಲ್ಲಿ ಸೇರಿದ್ದ ಊರ ಸಮಿತಿಯ ಮುಂದೆ ಚನ್ನವೀರಗೌಡರು ಗುಡುಗಿದರು.

“ನಾನು ಹುಟ್ಟಿದ್ದು ಅಲ್ಲೇರಿ ಗೌಡ್ರ,” ಸಮಿತಿಯ ಸದಸ್ಯ ದುರುಗಪ್ಪನೂ ದನಿ ಏರಿಸಿದ. “ಆಗ ನಮ್ಮ ಕೇರಿಯವರನ್ನ ಒಳಗ ಬಿಟ್ಟಿದ್ದು ಅದೊಂದ ಕಟ್ಟಡ. ನಿಮ್ಮ ಯಾವ ಹೊಸ್ತಿಲೂ ಬಿಡಲಿಲ್ಲ!”

“ಅದು ಮುತ್ತಜ್ಜನ ಕಾಲದ ಮಾತು ಬಿಡೋ! ಇವತ್ತು ನನ್ನ ಮಗ್ಗಲದಾಗ ಕುರ್ಚಿ ಹಾಕ್ಕೊಂಡು ಕುಂತಿಲ್ಲೇನು?”

ಎಲ್ಲರೂ ನಕ್ಕರು. ದುರುಗಪ್ಪನಿಗೂ ಹೌದೆನಿಸಿತು. ಕೆಡವುವುದಕ್ಕೆ ಅವನೂ ಕೈ ಎತ್ತಿದ.

ಗೌಡರು ಖುಷಿಯಿಂದ ಒಳಗೆ ಕೂಗಿ ಚಹಾ ತರಿಸಿದರು. ಎಲ್ಲರಿಗೂ ಪಿಂಗಾಣಿ ಕಪ್ಪು-ಬಸಿಯಲ್ಲಿ ಬಂತು. ದುರುಗಪ್ಪನೊಬ್ಬನಿಗೆ ಕಾಗದದ ಲೋಟ.

ಯಾರೂ ತಲೆ ಎತ್ತಲಿಲ್ಲ. ಅವನು ಚಹಾ ಮುಟ್ಟದೆ ಎದ್ದು ಹೋದ, ಮತ್ತೆ ಬರಲಿಲ್ಲ.