ಎಣಿಸದ ಸುತ್ತು

ಭಾವ ಕಾರಿನ ಕೀಲಿ ತಿರುಗಿಸಿದಾಗ ಮೆಕ್ಯಾನಿಕ್‌ಗೆ ತನ್ನ ನಿಯಮ ನೆನಪಾಯಿತು. ಚಕ್ರದ ನಟ್ಟನ್ನು ಮೊದಲು ಬರಿಗೈಯಲ್ಲೇ ತಿರುಗಿಸಬೇಕು, ಜಪದ ಹಾಗೆ ಸುತ್ತು ಎಣಿಸಬೇಕು, ಏಳಕ್ಕೆ ಮೊದಲೇ ನಿಂತರೆ ಹಿಡಿತ ಸಾಲದೆ ಚಕ್ರ ಕಳಚೀತೆಂದು ಬಿಚ್ಚಿಡಬೇಕು. ಇಪ್ಪತ್ತು ವರ್ಷ ಬಿಡದೆ ನಡೆಸಿದ ವ್ರತ ಅದು. ಇವತ್ತು ಹಿಂದಿನ ಚಕ್ರಗಳು ಹೊರಚಾಚಿ ಗತ್ತಾಗಿ ಕಾಣಲೆಂದು ಭಾವ ತಂದಿದ್ದ ಸ್ಪೇಸರ್ ಬಿಲ್ಲೆಗಳನ್ನು ಚಕ್ರದ ಒಳಬದಿಗೆ ಕೂರಿಸುವಾಗ ಮಾತ್ರ, "ಬೇಗ ಮುಗಿಸಯ್ಯಾ, ನಾಲ್ಕು ಗಂಟೆ ದಾರಿ ಇದೆ" ಎಂದ ಅವರ ದಾಕ್ಷಿಣ್ಯಕ್ಕೆ ನಟ್ಟುಗಳನ್ನು ಗಾಳಿಯೊತ್ತಡದ ಏರ್ ಗನ್ನಿನಲ್ಲೇ ಬಿಗಿದುಬಿಟ್ಟಿದ್ದ. ಎಣಿಸಿರಲಿಲ್ಲ.

ಹಿಂದಿನ ಸೀಟಿನಲ್ಲಿ ಅಕ್ಕ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಕೈಬೀಸಿದಳು. ಅವನು ಓಡಿಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟ.

"ಭಾವ, ಇಳೀರಿ. ಒಂದು ನಟ್ಟು ನೋಡ್ಬೇಕು."

"ಈಗ ತಾನೇ ಬಿಗಿದೆಯಲ್ಲೋ ಮಾರಾಯ! ನಿನ್ನ ಕೈ ಮೇಲೆ ನಿಂಗೇ ನಂಬಿಕೆ ಇಲ್ವಾ?"

"ಇವತ್ತು ಇಲ್ಲ ಭಾವ."

ಗೊಣಗುತ್ತಲೇ ಭಾವ ಇಂಜಿನ್ ಆರಿಸಿ ಇಳಿದು ಬಂದರು. ಅವನು ಹಿಂದಿನ ಚಕ್ರದ ಮುಂದೆ ಮಂಡಿಯೂರಿ, ಒಂದು ನಟ್ಟನ್ನು ಸ್ಪ್ಯಾನರಿನಿಂದ ಸಡಿಲಿಸಿ, ಆಮೇಲೆ ಬೆರಳಲ್ಲಿ ಬಿಚ್ಚುತ್ತಾ ಅವರಿಗೆ ಕೇಳುವ ಹಾಗೆ ಎಣಿಸಿದ. "ಒಂದು. ಎರಡು. ಮೂರು." ಮೂರಕ್ಕೇ ನಟ್ಟು ಕಳಚಿ ಅಂಗೈಗೆ ಬಿತ್ತು. ಬೋಲ್ಟಿನ ಉದ್ದವನ್ನೆಲ್ಲ ಆ ದಪ್ಪ ಬಿಲ್ಲೆಯೇ ನುಂಗಿ ಕೂತಿತ್ತು.

ಅವನು ಅಂಗೈಯನ್ನು ಮೇಲೆತ್ತಿ ಹಿಡಿದ. ಭಾವ ನಟ್ಟನ್ನು ನೋಡಿದರು, ಚಕ್ರವನ್ನು ನೋಡಿದರು. ಹಿಂದಿನ ಬಾಗಿಲು ತೆರೆದು, ನಿದ್ದೆ ಕೆಡದ ಹಾಗೆ ಮಗುವನ್ನು ಎದೆಗೆತ್ತಿಕೊಂಡರು.