ಎಂಟು ಡಬ್ಬ ಕಪ್ಪು

ತಂಡದ ಮುಂದಾಳು ವಸಂತ್ ಮೊದಲ ಡಬ್ಬದ ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿದ. ಒಳಗೆ ಕಪ್ಪು ಬಣ್ಣ. ಎರಡನೆಯದನ್ನು ಎಬ್ಬಿಸಿದ, ಅದೂ ಕಪ್ಪು. ಎಂಟೂ ಡಬ್ಬ ತೆರೆದು ಮುಗಿಸುವ ಹೊತ್ತಿಗೆ, ಹಿಂದೆ ಕಿತ್ತಳೆ ಟೀ ಶರ್ಟು ತೊಟ್ಟು ಬ್ರಷ್ ಹಿಡಿದು ನಿಂತಿದ್ದ ಹದಿನೆಂಟು ಮಂದಿ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಲಿಂಗರಾಜಪುರದ ಈ ಸರ್ಕಾರಿ ಶಾಲೆಗೆ ಬಣ್ಣ ಬಳಿಯಲೆಂದೇ ಅವರೆಲ್ಲ ಶನಿವಾರ ಬೆಳಿಗ್ಗೆ ಮಹದೇವಪುರದ ತಮ್ಮ ಕಂಪನಿಯಿಂದ ಬಸ್ಸು ಮಾಡಿಕೊಂಡು ಬಂದಿದ್ದರು.

“ಮೇಡಂ, ಅಂಗಡಿಯವ್ನು ಏನೋ ಮಿಸ್ಟೇಕ್ ಮಾಡಿದಾನೆ. ನಾವು ಆರ್ಡರ್ ಮಾಡಿದ್ದು ಹಳದಿ, ಪಿಂಕು, ಸ್ಕೈ ಬ್ಲೂ,” ಎಂದ ವಸಂತ್.

“ಅವ್ರೇನೂ ಮಾಡಿಲ್ಲ ಸಾರ್. ನಿನ್ನೆ ಶಾಲೆಗೆ ಬಂದಿಳಿದ ಡಬ್ಬಗಳ್ನ ನಾನೇ ಸಂಜೆ ಆಟೋದಲ್ಲಿ ಹಾಕ್ಕೊಂಡ್ಹೋಗಿ ಬದಲಾಯಿಸ್ಕೊಂಡು ಬಂದೆ,” ಎಂದರು ಲಕ್ಷ್ಮಿದೇವಿ ಟೀಚರು. “ಸೀಲ್ ಒಡೆದಿರ್ಲಿಲ್ಲ, ಅಂಗಡಿ ಮಂಜೂರ್ ಸಾಹೇಬ್ರು ವಾಪಸ್ ತಗೊಂಡ್ರು. ತಗೊಳ್ಳಿ ಬಿಲ್ಲು. ಆಟೋದ್ದು ನಾನೇ ಕೊಟ್ಟಿದೀನಿ.”

ಇಪ್ಪತ್ತೆರಡು ವರ್ಷದಿಂದ ಒಂದನೇ, ಎರಡನೇ ಕ್ಲಾಸಿನ ಮಕ್ಕಳನ್ನು ಮೇಯಿಸುತ್ತಿರುವ ಹೆಂಗಸು, ಟೀ ಶರ್ಟುಗಳಿಗೆ ಹೆದರುವವರೇ ಅಲ್ಲ. ಆದರೂ ಬೇರೆಯವರ ಸಾಮಾನು ಕೇಳದೆ ಬದಲಾಯಿಸಿದ್ದು ಸಣ್ಣ ಮಾತೇ? ಒಳಗೊಳಗೇ ಅಳುಕಿತ್ತು. ಅದನ್ನು ಮುಖಕ್ಕೆ ಬರಗೊಡಲಿಲ್ಲ, ಅಷ್ಟೇ.

ಅಸಲಿಗೆ ತಪ್ಪಾಗಿದ್ದು ಹೋದ ವರ್ಷ. ಈ ಕೋಣೆಯ ಗೋಡೆಗಳಿಗೆ, ಕಿಟಕಿಗಳ ಕೆಳಗೆ, ಮಕ್ಕಳ ಕೈಗೆಟಕುವ ಎತ್ತರದಲ್ಲಿ ಸುತ್ತಲೂ ಒಂದು ಕಪ್ಪು ಪಟ್ಟಿ ಇತ್ತು. ಅದು ಮಕ್ಕಳ ಕರಿಹಲಗೆ. ಒಬ್ಬೊಬ್ಬರಿಗೂ ಅದರಲ್ಲಿ ಒಂದೊಂದು ಜಾಗ, ಅಲ್ಲೇ ನಿಂತು ಬರೆಯುವುದು, ಅಲ್ಲೇ ಅಳಿಸುವುದು. ಟೀಚರು ತರಬೇತಿಗೆಂದು ಹೋಗಿದ್ದ ದಿನ ಇದೇ ಕಂಪನಿಯವರು ಬಂದು, ಅದನ್ನು ಕೊಳೆ ಎಂದುಕೊಂಡು, ಮೇಲೆ ಸೂರ್ಯಕಾಂತಿ, ಚಿಟ್ಟೆ, ಕಾಮನಬಿಲ್ಲು ಬಿಡಿಸಿ ಹೋದರು. ಚಿಟ್ಟೆಗಳೇನೋ ಬಲು ಚೆಂದ, ಸುಳ್ಳು ಯಾಕೆ ಹೇಳಬೇಕು. ಆದರೆ ಆ ನುಣುಪಿನ ಮೇಲೆ ಅಕ್ಷರ ಮೂಡುತ್ತಿರಲಿಲ್ಲ. ಮೂವತ್ತನಾಲ್ಕು ಮಕ್ಕಳಿಗೆ ಬರೆಯಲು ಜಾಗವೇ ಇಲ್ಲದಂತಾಯಿತು. ಟೀಚರು ಸಂಬಳದಲ್ಲಿ ಸ್ಲೇಟು ತಂದರು, ಒಡೆದವು. ಬೇಕರಿ, ದಿನಸಿ ಅಂಗಡಿ, ಮೆಡಿಕಲ್ ಸ್ಟೋರು ಎಂದು ಹತ್ತಿ ಇಳಿದು ಕೂಡಿಸಿದ ದುಡ್ಡು ನೋಟ್‌ಬುಕ್ಕು ಪೆನ್ಸಿಲ್ಲಿಗೆ ಸರಿಹೋಯಿತು, ಆ ನೋಟ್‌ಬುಕ್ಕುಗಳೂ ಎರಡೇ ತಿಂಗಳಲ್ಲಿ ತುಂಬಿಹೋದವು. ಕಂಪನಿಗೇ ಮೂರು ಸಲ ಹೋಗಿ ಕರಿಹಲಗೆಗೆ ಬಳಿಯುವ ಬಣ್ಣ ಕೇಳಿದರು. ನಮ್ಮಲ್ಲಿ ಗೋಡೆಯ ಅಂದಕ್ಕೆ ಮಾತ್ರ ದುಡ್ಡಿದೆ, ಪಾಠದ ಸಾಮಾನಿಗೆ ಇಲ್ಲ ಎಂದು ನಯವಾಗಿ ಕಳಿಸಿಬಿಟ್ಟರು. ಇವತ್ತು ಬಿಟ್ಟರೆ ಇನ್ನು ಮುಂದಿನ ವರ್ಷವೇ.

“ಇದು ಅಪ್ರೂವ್ ಆಗಲ್ಲ ಮೇಡಂ,” ವಸಂತ್ ಬೆವರು ಒರೆಸಿಕೊಂಡ. “ನಮ್ಮ ಥೀಮೇ ‘ಬಣ್ಣದ ಬಾಲ್ಯ’. ಕರಿ ಗೋಡೆ ಫೋಟೋ ಹೇಗೆ ಕಳಿಸ್ಲಿ ಹೇಳಿ? ನಿಮ್ ಮೇಲಿನವ್ರಿಗೆ ಕಂಪ್ಲೇಂಟ್ ಹೋದ್ರೆ ನನ್ನ ಕೇಳ್ಬೇಡಿ.”

“ಹೋಗ್ಲಿ ಬಿಡಿ. ಅವ್ರು ಬಂದ್ರೆ ಅವ್ರಿಗೂ ಈ ಗೋಡೆ ತೋರಿಸ್ತೀನಿ.” ಟೀಚರು ಜಗಲಿಯತ್ತ ತಿರುಗಿದರು. “ಮಹೀನ್, ಬಾರಮ್ಮ ಇಲ್ಲಿ. ಲಿಂಗರಾಜಪುರ ಅಂತ ಬರಿ.”

ಎರಡನೇ ಕ್ಲಾಸಿನ ಮಹೀನ್ ಓಡಿ ಬಂದಳು. ಗೋಡೆಯ ಕಡೆ ನೋಡಲೂ ಇಲ್ಲ. ನೀರಿನ ಬಾಟಲಿಗೆ ಬೆರಳದ್ದಿ, ಬಾಗಿಲ ಬಳಿ ಬಿಸಿಲು ಬಿದ್ದ ಸಿಮೆಂಟು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬರೆಯತೊಡಗಿದಳು. ‘ಪುರ’ಕ್ಕೆ ಬರುವಷ್ಟರಲ್ಲಿ ‘ಲಿಂಗ’ ಆರಿಹೋಗಿತ್ತು. ಮತ್ತೆ ಬೆರಳದ್ದಿ ಮೊದಲಿಂದ ಶುರುಮಾಡಿದಳು. ರೂಢಿಯಾಗಿಬಿಟ್ಟಿತ್ತಲ್ಲ, ಬೇಸರವೇನೂ ಇರಲಿಲ್ಲ ಆ ಮಗುವಿಗೆ.

ಟೀ ಶರ್ಟಿನವರ ನಡುವಿನಿಂದ ರಮ್ಯ ಎಂಬ ಹುಡುಗಿ ಮುಂದೆ ಬಂದಳು. “ಆ ದೊಡ್ಡ ಚಿಟ್ಟೆ ನಾನೇ ಬಿಡಿಸಿದ್ದು ಮೇಡಂ. ಸಾರಿ,” ಎಂದವಳೇ ಕಪ್ಪಿನಲ್ಲಿ ಬ್ರಷ್ ಅದ್ದಿ ಚಿಟ್ಟೆಯ ರೆಕ್ಕೆಯ ಮೇಲೆ ಎಳೆದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕಪ್ಪು ಬಳಿಯಲು ಕೂತರು. ವಸಂತ್ ಕೊನೆಯಲ್ಲಿ ಕೂತ. ಮಧ್ಯಾಹ್ನದ ಹೊತ್ತಿಗೆ ಸೂರ್ಯಕಾಂತಿ ಒಂದೂ ಉಳಿದಿರಲಿಲ್ಲ. ಟೀಚರು ಅವರಿಗೆಲ್ಲ ಮಜ್ಜಿಗೆ ತರಿಸಿ ಕೊಟ್ಟರು.

ಸೋಮವಾರ ವಸಂತ್ ಒಬ್ಬನೇ ಬಂದ. ಗೋಡೆಯೇನೋ ಹೇಗೋ ಒಪ್ಪಿಗೆಯಾಗಿದೆ, ಆದರೆ ಕಂಪನಿಯ ಹೆಸರು ಅದರ ಮೇಲೆ ಕಾಣುವ ಹಾಗೆ ಒಂದು ಫೋಟೋ ಬೇಕೇಬೇಕು ಎಂದ.

“ಧಾರಾಳವಾಗಿ ಬರೀರಿ,” ಎಂದು ಟೀಚರು ಅವನ ಕೈಗೊಂದು ಚಾಕ್‌ಪೀಸು ಕೊಟ್ಟರು.

ಗೋಡೆಯ ತುಂಬ ಆಗಲೇ ಮಕ್ಕಳು ಗೀಚಿದ್ದರು. ಖಾಲಿ ಉಳಿದಿದ್ದ ಒಂದೇ ಒಂದು ಕಡೆ ವಸಂತ್ ಮಂಡಿಯೂರಿ, ಇಂಗ್ಲಿಷಿನಲ್ಲಿ ದೊಡ್ಡದಾಗಿ ಕಂಪನಿಯ ಹೆಸರು ಬರೆದ. ಮಕ್ಕಳನ್ನು ಅಕ್ಕಪಕ್ಕ ನಿಲ್ಲಿಸಿ ನಾಲ್ಕಾರು ಫೋಟೋ ತೆಗೆದ. ಚೆನ್ನಾಗಿಯೇ ಬಂದವು. ಖುಷಿಯಲ್ಲಿ ಫೋನು, ಚಾಕ್‌ಪೀಸು ಎರಡನ್ನೂ ಜೇಬಿಗಿಳಿಸಿ, ಟೀಚರಿಗೆ ಕೈಮುಗಿದು ಹೊರಟ.

ಅವನು ಬಾಗಿಲು ದಾಟುವ ಮೊದಲೇ ಮಹೀನ್ ಅಂಗೈಯಿಂದ ಕಂಪನಿಯ ಹೆಸರನ್ನು ಒರೆಸಿ ಹಾಕಿದ್ದಳು. ಅವಳ ಜಾಗ ಅದು. ಒರೆಸಿದವಳು ಬರೆಯಲು ಏನೂ ಸಿಗದೆ ಟೀಚರ ಮುಖ ನೋಡಿದಳು.

“ಸಾರ್, ಒಂದ್ನಿಮಿಷ,” ಲಕ್ಷ್ಮಿದೇವಿ ಬಾಗಿಲಿಗೆ ಬಂದು ಕೈ ಚಾಚಿದರು. “ಚಾಕ್‌ಪೀಸ್ ಕೊಟ್ಟು ಹೋಗಿ. ಅದು ನನ್ನ ಸಂಬಳದ್ದು.”